ಬ್ರಷ್ಷೋ ಕೈಗವಸೋ? ಕಾರು ತೊಳೆಯುವುದಕ್ಕೂ ಒಂದು ಚರಿತ್ರೆ

ಕಾರು ತೊಳೆಯುವುದೂ ಒಂದು ವಿದ್ಯೆ ಎಂದರೆ ನಗುವವರೇ ಹೆಚ್ಚು. ಒಂದು ಬಕೆಟ್ ನೀರು, ಒಂದು ಹಳೆಯ ಬನಿಯನ್ನು, ರಟ್ಟೆಯಲ್ಲಿ ಒಂದಿಷ್ಟು ಕಸುವು ಇದ್ದರೆ ಸಾಕು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಆಯುಧಪೂಜೆಗೆಂದು ತಿಕ್ಕಿ ತೊಳೆದು, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ ಕಪ್ಪು ಕಾರನ್ನು ಬಿಸಿಲಿನಲ್ಲಿ ಸ್ವಲ್ಪ ಓರೆಯಾಗಿ ನೋಡಿದವರಿಗೆ ಬೇರೆಯೇ ಸಂಗತಿ ಕಾಣುತ್ತದೆ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ನೂರಾರು ನವಿರಾದ ಗೀರುಗಳು! ಅವು ರಸ್ತೆಯಲ್ಲಿ ಯಾರೋ ಗೀಚಿ ಹೋದವಲ್ಲ. ಬಹುಪಾಲು, ತೊಳೆದ ಕೈಯಿಂದಲೇ ಆದವು.

ಹಾಗಾದರೆ ಯಾವುದರಿಂದ ತೊಳೆಯಬೇಕು? ಕೂದಲಿನ ಬ್ರಷ್ಷಿನಿಂದಲೋ, ಕೈಗೆ ತೊಟ್ಟುಕೊಳ್ಳುವ ಮೆತ್ತನೆಯ ಗವಸಿನಿಂದಲೋ? ಇಂದು ಬಿಡಿಭಾಗಗಳ ಅಂಗಡಿಯಲ್ಲಿ ಎರಡೂ ಅಕ್ಕಪಕ್ಕದಲ್ಲಿ ತೂಗಾಡುತ್ತಿರುತ್ತವೆ. ಕೇಳಲು ಇದು ಸಣ್ಣ ಪ್ರಶ್ನೆ. ಆದರೆ ಈ ಪ್ರಶ್ನೆಗೆ ಕಾರಿಗಿಂತಲೂ ಹೆಚ್ಚು ವಯಸ್ಸಾಗಿದೆ.

ಲಾಯದ ಪಾಠ

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ ಪೇಟೆಂಟ್ ಕೋರಿದ್ದು 1886ರಲ್ಲಿ. ಅದಕ್ಕೂ ಮುಂಚೆ ಯೂರೋಪಿನ ಸಿರಿವಂತರು ಓಡಾಡುತ್ತಿದ್ದುದು ಕುದುರೆ ಕಟ್ಟಿದ ಸಾರೋಟುಗಳಲ್ಲಿ. ನಮ್ಮ ಮೈಸೂರು ದಸರಾ ಮೆರವಣಿಗೆಯಲ್ಲಿ ಇಂಥ ಸಾರೋಟುಗಳನ್ನು ಕಂಡವರಿಗೆ ಅವುಗಳ ಮೈಯ ಹೊಳಪು ನೆನಪಿರಬಹುದು. ಆ ಹೊಳಪು ಸುಲಭವಾಗಿ ಬಂದದ್ದಲ್ಲ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಪದರ ಪದರವಾಗಿ ಬಳಿಯಬೇಕು. ಪ್ರತಿ ಪದರವೂ ಒಣಗುವವರೆಗೆ ಕಾಯಬೇಕು. ಉರಿಗಲ್ಲಿನಂಥ ಹಗುರ ಕಲ್ಲಿನ ಪುಡಿಯಿಂದ ಅದನ್ನು ನೀರು ಹಾಕಿ ಉಜ್ಜಬೇಕು. ಕೊನೆಗೆ ಮೆರುಗೆಣ್ಣೆಯ ಲೇಪ. ಇಷ್ಟೆಲ್ಲ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು.

ಇಷ್ಟು ದುಬಾರಿಯಾದ ಮೈಯನ್ನು ತೊಳೆಯುವ ಕೆಲಸ ಲಾಯದ ಆಳಿನದು. ಅವನಿಗೆ ಕಟ್ಟುನಿಟ್ಟಾದ ಕ್ರಮವಿತ್ತು. ಕೆಸರು ಒಣಗುವ ಮೊದಲೇ ತೊಳೆಯಬೇಕು; ಬಿಸಿಲಿನಲ್ಲಿ ತೊಳೆಯಬಾರದು; ಧಾರಾಳವಾಗಿ ತಣ್ಣೀರು ಸುರಿದು ಕೆಸರನ್ನು ಮೊದಲು ನೆನೆಸಿ ಇಳಿಸಬೇಕೇ ಹೊರತು ಒಣ ಕೆಸರನ್ನು ತಿಕ್ಕಬಾರದು. ಬ್ರಷ್ಷು ಬಳಸಬೇಕಾದ್ದು ಚಕ್ರ, ಅರೆಕಾಲು ಮತ್ತು ಅಡಿಭಾಗಕ್ಕೆ ಮಾತ್ರ. ಮೆರುಗೆಣ್ಣೆಯ ಮೈಗೆ ಸ್ಪಂಜು. ಕೊನೆಗೆ ನೀರು ಹೀರಲು ಷಾಮಿ ತೊಗಲು. ಈ ತೊಗಲು ಮೊದಲು ಬರುತ್ತಿದ್ದುದು ಆಲ್ಪ್ಸ್ ಪರ್ವತದ ಷಾಮಾಯ್ ಎಂಬ ಕಾಡುಮೇಕೆಯಂಥ ಪ್ರಾಣಿಯಿಂದ. ಆಮೇಲೆ ಮೀನೆಣ್ಣೆಯಲ್ಲಿ ಹದ ಮಾಡಿದ ಕುರಿಯ ತೊಗಲೇ ಆ ಹೆಸರಿನಲ್ಲಿ ಮಾರಾಟವಾಯಿತು.

ಒರಟು ಜಾಗಕ್ಕೆ ಬ್ರಷ್ಷು, ನಯವಾದ ಮೈಗೆ ಮೆತ್ತನೆಯ ವಸ್ತು. ಲಾಯದಲ್ಲಿ ಹುಟ್ಟಿದ ಈ ವಿಂಗಡಣೆಯನ್ನು ಮುಂದಿನ ನೂರು ವರ್ಷಗಳಲ್ಲಿ ಜನ ಹಲವು ಬಾರಿ ಮರೆತರು, ಹಲವು ಬಾರಿ ಮತ್ತೆ ಕಲಿತರು.

ಹಂದಿಯ ಕೂದಲು, ಕಡಲಿನ ಸ್ಪಂಜು

ಹಳೆಯ ಬ್ರಷ್ಷುಗಳಲ್ಲಿ ಹೆಸರಾದದ್ದು ಹಂದಿಯ ಬಿರುಗೂದಲಿನದು. ಈ ಕೂದಲಿಗೆ ಒಂದು ವಿಶೇಷ ಗುಣವಿದೆ. ಬುಡದಿಂದ ತುದಿಗೆ ಹೋದಂತೆ ಅದು ಸಣ್ಣದಾಗುತ್ತದೆ. ತುದಿಯಲ್ಲಿ ಎರಡು ಮೂರು ಎಳೆಗಳಾಗಿ ಸೀಳಿಕೊಳ್ಳುತ್ತದೆ. ಹೀಗಾಗಿ ಅದು ನೀರನ್ನೂ ಸಾಬೂನನ್ನೂ ಹಿಡಿದಿಟ್ಟುಕೊಳ್ಳುತ್ತದೆ, ನೆನೆದಾಗ ತುದಿ ಮೃದುವಾಗುತ್ತದೆ. ಜಗತ್ತಿಗೆ ಇದನ್ನು ಹೆಚ್ಚಾಗಿ ಒದಗಿಸುತ್ತಿದ್ದ ದೇಶ ಚೀನಾ. ಎರಡನೆಯ ಮಹಾಯುದ್ಧದಲ್ಲಿ ಜಪಾನು ಚೀನಾದ ಬಂದರುಗಳನ್ನು ಹಿಡಿದಾಗ ಹಂದಿಯ ಕೂದಲು ಯುದ್ಧಸಾಮಗ್ರಿಯಷ್ಟೇ ಅಮೂಲ್ಯವಾಯಿತು. ಹಡಗಿಗೆ ಬಣ್ಣ ಬಳಿಯಲೂ ಬ್ರಷ್ಷು ಬೇಕಲ್ಲ! ಅಷ್ಟರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ನೈಲಾನ್ ಸಿದ್ಧವಾಗಿತ್ತು. 1938ರಲ್ಲಿ ಹಲ್ಲುಜ್ಜುವ ಬ್ರಷ್ಷಿನ ಮೂಲಕ ಪೇಟೆಗೆ ಬಂದ ನೈಲಾನ್ ಎಳೆ, ಯುದ್ಧದ ಅಭಾವದ ದಿನಗಳಲ್ಲಿ ಉಳಿದ ಬ್ರಷ್ಷುಗಳಿಗೂ ಹಬ್ಬಿತು. ಅದು ಅಗ್ಗ, ಬಾಳಿಕೆ ಹೆಚ್ಚು. ಆದರೆ ನೀರಿನಲ್ಲಿ ನೆನೆದರೂ ಹಂದಿಯ ಕೂದಲಿನಷ್ಟು ಮೆತ್ತಗಾಗದು.

ಸ್ಪಂಜಿನ ಕಥೆ ಇನ್ನೂ ಕಠಿಣವಾದದ್ದು. ಸ್ಪಂಜು ಸಮುದ್ರದ ತಳದಲ್ಲಿ ಬೆಳೆಯುವ ಪ್ರಾಣಿ. ಗ್ರೀಸಿನ ಕಾಲಿಮ್ನೋಸ್ ಮೊದಲಾದ ದ್ವೀಪಗಳ ಜನ ತಲೆಮಾರುಗಳಿಂದ ಉಸಿರು ಬಿಗಿಹಿಡಿದು ಮುಳುಗಿ ಅದನ್ನು ಕಿತ್ತು ತರುತ್ತಿದ್ದರು. 1860ರ ದಶಕದಲ್ಲಿ ಲೋಹದ ಶಿರಸ್ತ್ರಾಣವಿದ್ದ ಮುಳುಗು ಉಡುಪು ಅಲ್ಲಿಗೆ ಬಂತು. ಹೆಚ್ಚು ಆಳಕ್ಕೆ ಇಳಿದು ಹೆಚ್ಚು ಹೊತ್ತು ಇರಬಹುದಾಯಿತು. ಆದರೆ ಆಳದಿಂದ ಬೇಗ ಮೇಲೆ ಬಂದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಳಾಗಿ ಮೈಯನ್ನು ಹಿಂಡುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಎಷ್ಟೋ ಮಂದಿ ತರುಣರು ಸತ್ತರು. ಎಷ್ಟೋ ಮಂದಿ ಕಾಲು ಸ್ವಾಧೀನ ತಪ್ಪಿ ಮನೆಗೆ ಮರಳಿದರು. ಫ್ರಾನ್ಸಿನ ಪೌಲ್ ಬರ್ಟ್ ಈ ರೋಗದ ಕಾರಣವನ್ನು 1878ರಲ್ಲಿ ವಿವರಿಸಿದ. ಹಂತ ಹಂತವಾಗಿ ಮೇಲೇರುವ ಲೆಕ್ಕಾಚಾರವನ್ನು ಬ್ರಿಟನ್ನಿನ ಹಾಲ್ಡೇನ್ ಪ್ರಕಟಿಸಿದ್ದು 1908ರಲ್ಲಿ. ಮಾಲೀಕರ ಮನೆಯ ಸಾರೋಟಿನ ಹೊಳಪಿನಲ್ಲಿ ಆ ದ್ವೀಪಗಳ ನೋವೂ ಸೇರಿತ್ತು.

1938-39ರಲ್ಲಿ ಬಹಾಮಾಸ್, ಕ್ಯೂಬಾ, ಫ್ಲಾರಿಡಾ ಸುತ್ತಲಿನ ಕಡಲಿನಲ್ಲಿ ರೋಗವೊಂದು ತಗುಲಿ ಸ್ಪಂಜುಗಳು ಬಹುಮಟ್ಟಿಗೆ ನಾಶವಾದವು. ಅಲ್ಲಿಂದ ಮುಂದೆ ಕಾರ್ಖಾನೆಯಲ್ಲಿ ತಯಾರಾದ ಸ್ಪಂಜುಗಳು ಪೇಟೆಯನ್ನು ಆಕ್ರಮಿಸಿದವು. ಕಡಲಿನ ಸ್ಪಂಜಿನಲ್ಲಿ ದೊಡ್ಡ ರಂಧ್ರಗಳಿದ್ದವು, ಕೊಳೆ ಒಳಗೆ ಸರಿಯುತ್ತಿತ್ತು. ಕಾರ್ಖಾನೆಯ ಸ್ಪಂಜಿನ ಮುಖವಾದರೋ ಸಪಾಟು. ಮರಳಿನ ಕಣ ಸಿಕ್ಕಿಕೊಂಡರೆ ಅದು ಸ್ಪಂಜಿಗೂ ಬಣ್ಣಕ್ಕೂ ನಡುವೆಯೇ ಉಳಿದು ಉದ್ದಕ್ಕೂ ಗೀರೆಳೆಯುತ್ತಿತ್ತು.

ಬದಲಾದ ಬಣ್ಣ

ಉಪಕರಣದ ಜೊತೆಗೆ ಬಣ್ಣವೂ ಬದಲಾಗುತ್ತಿತ್ತು. ಫೋರ್ಡ್ ಕಂಪನಿಯ ಪ್ರಸಿದ್ಧ ಟಿ ಮಾದರಿಯ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿತ್ತು. 1923ರಲ್ಲಿ ಡುಪಾಂಟ್ ಕಂಪನಿಯ ಡ್ಯೂಕೋ ಎಂಬ ಹೊಸ ಬಣ್ಣವನ್ನು ಜನರಲ್ ಮೋಟರ್ಸ್ ತನ್ನ ಓಕ್‌ಲ್ಯಾಂಡ್ ಕಾರಿಗೆ ಬಳಿಯಿತು. ನೈಟ್ರೋಸೆಲ್ಯುಲೋಸ್‌ನಿಂದ ಮಾಡಿದ ಈ ಬಣ್ಣ ವಾರಗಳ ಕೆಲಸವನ್ನು ಗಂಟೆಗಳಿಗೆ ಇಳಿಸಿತು. ಸಾರೋಟಿನ ಕಾಲದ ಮೆರುಗೆಣ್ಣೆಗೆ ಅಲ್ಲಿಗೆ ಮುಕ್ತಾಯ.

ಮುಂದಿನ ಸುಮಾರು ಐವತ್ತು ವರ್ಷಗಳ ಬಣ್ಣಗಳಲ್ಲಿ ಒಂದು ಅನುಕೂಲವಿತ್ತು. ಬಣ್ಣವೂ ಹೊಳಪೂ ಒಂದೇ ಪದರದಲ್ಲಿದ್ದವು. ಮೇಲ್ಮೈ ಮಾಸಿದರೆ ಮೇಣದಂಥ ಪಾಲಿಷ್ ಹಾಕಿ ಉಜ್ಜಿದರೆ ಸಾಕು, ಒಂದು ತೆಳು ಪೊರೆ ಹೋಗಿ ಅಡಿಯಿಂದ ಹೊಸ ಬಣ್ಣ ಕಾಣುತ್ತಿತ್ತು. ಒರೆಸಿದ ಬಟ್ಟೆಗೂ ಕಾರಿನ ಬಣ್ಣ ಹತ್ತುತ್ತಿತ್ತು. ನಮ್ಮಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಕಾರುಗಳಲ್ಲಿ ಬಿಳಿಯವೇ ಎದ್ದು ಕಾಣುತ್ತಿದ್ದವು. ಬಿಳಿಯ ಮೇಲೆ ಸಣ್ಣ ಗೀರು ಕಣ್ಣಿಗೆ ಬೀಳದು. ಏನು ಹಾಕಿ ತಿಕ್ಕಿದರೂ ನಡೆಯುತ್ತದೆ ಎಂಬ ನಂಬಿಕೆ ಬೇರೂರಲು ಇದೂ ಒಂದು ಕಾರಣವಿದ್ದೀತು.

1980ರ ದಶಕದಿಂದೀಚೆಗೆ ಎರಡು ಪದರದ ಪದ್ಧತಿ ಎಲ್ಲೆಡೆ ಹರಡಿತು. ಕೆಳಗೆ ಬಣ್ಣ, ಮೇಲೆ ಗಾಜಿನಂಥ ಪಾರದರ್ಶಕ ಲೇಪ. ಈ ಲೇಪದ ದಪ್ಪ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ. ಇದು ಬಿಸಿಲು ಮಳೆಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಧೂಳನ್ನಲ್ಲ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಬೆಣಚುಕಲ್ಲಿನ ಸ್ಥಾನ 7. ಗಾಜನ್ನೇ ಗೀರಬಲ್ಲ ಈ ಕಣದ ಮುಂದೆ ರಾಳದ ಲೇಪ ಯಾವ ಲೆಕ್ಕ? ಗೀರು ಹಾಕುವುದು ಬಹುತೇಕ ಬ್ರಷ್ಷೂ ಅಲ್ಲ, ಬಟ್ಟೆಯೂ ಅಲ್ಲ. ಅವುಗಳ ಅಡಿಯಲ್ಲಿ ಸಿಕ್ಕಿಕೊಂಡ ಈ ಕಣ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚುವುದರಿಂದ ಅವು ಸೂರ್ಯನ ಪ್ರತಿಬಿಂಬದ ಸುತ್ತ ವೃತ್ತಗಳಂತೆ ತೋರುತ್ತವೆ. ಗುಂಡಗೆ ಉಜ್ಜಿದ್ದರಿಂದಲೇ ಹಾಗಾಯಿತೆಂದು ತಿಳಿಯಬೇಕಿಲ್ಲ.

ಯಂತ್ರ ಕಲಿಸಿದ್ದು

ಈ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಲಿಸಿದ್ದು ಅಮೆರಿಕದ ತೊಳೆಯುವ ಯಂತ್ರಗಳು. ಡೆಟ್ರಾಯಿಟ್ ನಗರದಲ್ಲಿ 1914ರಲ್ಲೇ ಕಾರು ತೊಳೆಯುವ ಕಾರ್ಖಾನೆಯೊಂದು ಆರಂಭವಾಗಿತ್ತು. ಅಲ್ಲಿ ಯಂತ್ರವಿರಲಿಲ್ಲ, ಕಾರನ್ನು ಆಳುಗಳು ತಳ್ಳುತ್ತಾ ಹೋಗುತ್ತಿದ್ದರು, ಒಬ್ಬ ಸಾಬೂನು ಹಚ್ಚಿದರೆ ಇನ್ನೊಬ್ಬ ತೊಳೆಯುತ್ತಿದ್ದ, ಮತ್ತೊಬ್ಬ ಒರೆಸುತ್ತಿದ್ದ. 1951ರಲ್ಲಿ ಸಿಯಾಟಲ್‌ನ ಆಂಡರ್ಸನ್ ಸೋದರರು ಮನುಷ್ಯರ ಕೈ ತಾಗದೆಯೇ ಕಾರು ತೊಳೆಯುವ ಯಂತ್ರವನ್ನು ನಡೆಸಿದರು. ಆಮೇಲೆ ಬಂದ ಯಂತ್ರಗಳಲ್ಲಿ ಗಿರಗಿರನೆ ತಿರುಗುವ ಪ್ಲಾಸ್ಟಿಕ್ ಎಳೆಗಳ ದೊಡ್ಡ ಬ್ರಷ್ಷುಗಳಿದ್ದವು. ಹಿಂದಿನ ಕಾರಿನ ಮರಳು ಅವುಗಳಲ್ಲಿ ಉಳಿದು ಮುಂದಿನ ಕಾರಿನ ಮೈಗೆ ಬಡಿಯುತ್ತಿತ್ತು. ಪಾರದರ್ಶಕ ಲೇಪ ಬಂದ ಮೇಲಂತೂ ಗಿರಾಕಿಗಳ ದೂರು ಹೆಚ್ಚಿತು. ಕ್ರಮೇಣ ಗಟ್ಟಿ ಎಳೆಗಳ ಜಾಗಕ್ಕೆ ಬಟ್ಟೆಯ ಪಟ್ಟಿಗಳೂ ಮೃದುವಾದ ಫೋಮ್ ಪಟ್ಟಿಗಳೂ ಬಂದವು. ಯಂತ್ರವೂ ಲಾಯದ ಆಳಿನ ಮಾತಿಗೆ ಮರಳಿತು.

ಕೈಗವಸಿನ ಮಹತ್ವ ಇಲ್ಲಿ ಅರ್ಥವಾಗುತ್ತದೆ. ಕುರಿಯ ಉಣ್ಣೆಯ ಗವಸಿನ ಉದ್ದನೆಯ ಎಳೆಗಳ ನಡುವೆ ಕಣ ಒಳಕ್ಕೆ ಸರಿದು, ಬಣ್ಣದಿಂದ ದೂರ ನಿಲ್ಲುತ್ತದೆ. ಇತ್ತೀಚಿನ ಗವಸುಗಳು ಮೈಕ್ರೋಫೈಬರ್ ಎಳೆಯವು. ಜಪಾನಿನ ಟೋರೆ ಕಂಪನಿಯ ಮಿಯೋಶಿ ಒಕಾಮೊಟೊ 1970ರಲ್ಲಿ ಇಂಥ ಅತಿ ನವಿರಾದ ಎಳೆಯಿಂದ ಕೃತಕ ತೊಗಲನ್ನು ತಯಾರಿಸಿದ್ದರು. ಒಂಬತ್ತು ಸಾವಿರ ಮೀಟರ್ ಉದ್ದದ ಎಳೆ ಒಂದು ಗ್ರಾಮಿಗಿಂತ ಕಡಿಮೆ ತೂಗಿದರೆ ಅದು ಮೈಕ್ರೋಫೈಬರ್.

ಆದರೆ ಗವಸು ಎಂದರೆ ಎಲ್ಲವೂ ಸರಿ ಎಂದಲ್ಲ. ಅದು ಕಣವನ್ನು ಒಳಗೆ ಇಟ್ಟುಕೊಳ್ಳುತ್ತದೆ. ಪದೇ ಪದೇ ಜಾಲಾಡದಿದ್ದರೆ ಗವಸೇ ಉಜ್ಜುಕಾಗದವಾಗುತ್ತದೆ. ನೆಲಕ್ಕೆ ಬಿದ್ದ ಗವಸನ್ನು ಚೆನ್ನಾಗಿ ತೊಳೆಯದೆ ಮತ್ತೆ ಕಾರಿಗೆ ಮುಟ್ಟಿಸಬಾರದು. ಬ್ರಷ್ಷು ಕಣವನ್ನು ಹಿಡಿದಿಡದು, ಒಮ್ಮೆ ನೀರಿನಲ್ಲಿ ಅಲ್ಲಾಡಿಸಿದರೆ ಶುಚಿಯಾಗುತ್ತದೆ. ಅದರ ಕೋಲು ಉದ್ದವಾದ್ದರಿಂದ ಜೀಪಿನ ನೆತ್ತಿಯನ್ನೂ ತಲುಪುತ್ತದೆ, ಬೆನ್ನು ಬಾಗಿಸಲಾರದ ಹಿರಿಯರಿಗೂ ಅನುಕೂಲ. ಆದರೆ ಒತ್ತಿದರೆ ಇಡೀ ಭಾರ ಕೂದಲಿನ ತುದಿಗಳ ಮೇಲೆ ಬೀಳುತ್ತದೆ. ಹಾಗಾಗಿ ಮೈಗೆ ಗವಸು, ಚಕ್ರಕ್ಕೆ ಬ್ರಷ್ಷು. ನೆತ್ತಿ ಎಟುಕದಿದ್ದರೆ ಹಂದಿಯ ಕೂದಲಿನಂಥ ಸೀಳುತುದಿಯ ಬ್ರಷ್ಷು, ಅದೂ ಹಗುರ ಕೈಯಿಂದ. ಲೆಕ್ಕ ಹಾಕಿದರೆ ಮತ್ತೆ ಸಾರೋಟಿನ ಕಾಲಕ್ಕೇ ಬಂದು ನಿಂತಂತಾಯಿತು.

ನೀರಿನ ಮಾತು

ಒಂದು ವಿಷಯದಲ್ಲಿ ಮಾತ್ರ ಲಾಯದ ನಿಯಮ ಇಂದು ನಮಗೆ ಒಗ್ಗುವುದಿಲ್ಲ. ಅದು ಧಾರಾಳವಾದ ನೀರು. ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಹಂತ ಹಂತವಾಗಿ ಪಂಪಾಗಿ ಬರಬೇಕು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ ಹೊರಬಿತ್ತು. ಪಕ್ಕದ ಬೀದಿಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುವವರಿರುವಾಗ ಕಾರಿನ ಮೇಲೆ ಕೊಳವೆ ಹಿಡಿದು ನಿಲ್ಲುವುದು ಕಾನೂನಿಗೆ ಮಾತ್ರವಲ್ಲ, ಕಣ್ಣಿಗೂ ಒಪ್ಪುವಂಥದ್ದಲ್ಲ.

ಕಷ್ಟವಿರುವುದು ಇಲ್ಲಿಯೇ. ನೀರು ಕಡಿಮೆಯಾದಷ್ಟೂ ಉಜ್ಜುವುದು ಹೆಚ್ಚಾಗುತ್ತದೆ. ನಗರಗಳಲ್ಲಿ ಬೆಳಗಿನ ಜಾವ ಮನೆ ಮನೆಯ ಕಾರು ಒರೆಸುವ ಕೆಲಸಗಾರರ ಕೈಯಲ್ಲಿ ಇರುವುದು ಒಂದು ಬಕೆಟ್ಟು, ಒಂದು ಬಟ್ಟೆ. ಮೊದಲ ಕಾರಿನ ಧೂಳು ಐದನೆಯ ಕಾರಿಗೂ ತಲುಪುತ್ತದೆ. ಗೀರು ಕಂಡ ಮಾಲೀಕರು ಬೈಯುವುದು ಕೆಲಸದವನನ್ನು. ಬಟ್ಟೆ ಯಾವುದು, ನೀರು ಎಷ್ಟು ಎಂದು ತೀರ್ಮಾನಿಸಿದವರು ತಾವೇ ಎಂಬುದು ನೆನಪಾಗುವುದಿಲ್ಲ. ಸಾರೋಟಿನ ಕಾಲದಲ್ಲಿ ಆಳಿಗೆ ಸರಿಯಾದ ಸ್ಪಂಜು ಕೊಡಿಸುವುದು ಯಜಮಾನನ ಹೊಣೆಯಾಗಿತ್ತು.

ಪರಿಹಾರ ದುಬಾರಿಯಲ್ಲ. ದಿನವೂ ಒಣ ಧೂಳನ್ನು ಒರೆಸುವುದಕ್ಕಿಂತ ವಾರಕ್ಕೊಮ್ಮೆ ಸರಿಯಾಗಿ ತೊಳೆಯುವುದು ಮೇಲು. ಕುಡಿಯಲು ಬಾರದ ಶುದ್ಧೀಕರಿಸಿದ ನೀರು ಅಥವಾ ಹಿಡಿದಿಟ್ಟ ಮಳೆನೀರು ಎರಡು ಬಕೆಟ್ ಇರಲಿ: ಒಂದರಲ್ಲಿ ಸಾಬೂನಿನ ನೀರು, ಇನ್ನೊಂದರಲ್ಲಿ ಗವಸನ್ನು ಜಾಲಾಡುವ ನೀರು. ಮೊದಲು ಸ್ವಲ್ಪ ನೀರು ಚಿಮುಕಿಸಿ ಧೂಳು ನೆನೆಯಲು ಬಿಟ್ಟು, ನೆತ್ತಿಯಿಂದ ಕೆಳಕ್ಕೆ ಬರುತ್ತಾ ಕೊಳೆ ಹೆಚ್ಚಿರುವ ಕೆಳಭಾಗವನ್ನು ಕೊನೆಗೆ ಮುಟ್ಟಬೇಕು. ಗವಸು ಹಗುರವಾಗಿ ಜಾರಬೇಕೇ ಹೊರತು ತಿಕ್ಕಬಾರದು. ಚಕ್ರದ ಬ್ರಷ್ಷು ಚಕ್ರಕ್ಕೇ ಮೀಸಲಿರಲಿ.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಬ್ರಷ್ಷು ಮೇಲೋ ಗವಸು ಮೇಲೋ ಎಂಬುದಲ್ಲ. ಕಾರಿನ ಯಾವ ಭಾಗಕ್ಕೆ, ಎಷ್ಟು ನೀರಿನಲ್ಲಿ, ಯಾರ ಕೈಯಲ್ಲಿ ಎಂಬುದು. ಕೆಲಸ ಮಾಡುವ ಕೈಗೆ ಸರಿಯಾದ ಉಪಕರಣವನ್ನೂ ಸ್ವಲ್ಪ ಸಮಯವನ್ನೂ ಕೊಟ್ಟರೆ ಬಣ್ಣವೂ ಉಳಿಯುತ್ತದೆ, ನೀರೂ ಉಳಿಯುತ್ತದೆ, ಬೆಳಿಗ್ಗೆ ಬೆಳಿಗ್ಗೆ ಬೈಗುಳವೂ ಉಳಿಯುತ್ತದೆ.