ಉನ್ನತ ಅಣುತೂಕದ ಪಾಲಿಥೀನ್

ಎಥಿಲೀನ್ ಅನಿಲದ ಅಣುಗಳು ಸಾಲುಸಾಲಾಗಿ ಕೂಡಿ ಉದ್ದನೆಯ ಸರಪಣಿಗಳಾದಾಗ ಸಿಗುವ ಪ್ಲಾಸ್ಟಿಕ್ ಪಾಲಿಥೀನ್. ಒಂದು ಎಥಿಲೀನ್ ಅಣುವಿನ ತೂಕ 28. ಸರಪಣಿ ಬೆಳೆದಂತೆ ಅಣುತೂಕ ಏರುತ್ತದೆ. ಅದು ಕೆಲವು ಲಕ್ಷ ಮುಟ್ಟಿದರೆ ಉನ್ನತ, ಹತ್ತು ಲಕ್ಷ ಮೀರಿದರೆ ಅತ್ಯುನ್ನತ ಅಣುತೂಕದ ಪಾಲಿಥೀನ್. ಹಾಸನ ಜಿಲ್ಲೆಯ ಹರದನಹಳ್ಳಿಯಂಥ ಊರುಗಳಿಗೆ ಪಾಲಿಥೀನ್ ತಲುಪಿರುವುದು ನೀರಿನ ಕೊಳವೆ, ಟಾರ್ಪಾಲು, ಕೃಷಿ ಹೊಂಡದ ಹಾಸುಗಳ ರೂಪದಲ್ಲಿ. ಇವುಗಳ ಬಾಳಿಕೆ ಸರಪಣಿಯ ಉದ್ದವನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

ಆರಂಭ

1898ರಲ್ಲಿ ಜರ್ಮನಿಯ ಹ್ಯಾನ್ಸ್ ಫಾನ್ ಪೆಕ್‌ಮನ್ ಡಯಾಜೊಮೀಥೇನಿನ ಪ್ರಯೋಗದಲ್ಲಿ ಮೇಣದಂಥ ಬಿಳಿ ವಸ್ತುವೊಂದನ್ನು ಕಂಡರು. ಆಗ ಅದಕ್ಕೆ ಬಳಕೆಯಿರಲಿಲ್ಲ. 1933ರಲ್ಲಿ ಇಂಗ್ಲೆಂಡಿನ ಐಸಿಐ ಸಂಸ್ಥೆಯ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಥಿಲೀನನ್ನು ಬೆಂಜಾಲ್ಡಿಹೈಡ್ ಜೊತೆ ಸಾವಿರಕ್ಕೂ ಹೆಚ್ಚು ವಾಯುಮಂಡಲದ ಒತ್ತಡದಲ್ಲಿ ಕಾಯಿಸಿದಾಗ ಪಾಲಿಥೀನ್ ದೊರೆಯಿತು. ಆದರೆ ಪ್ರಯೋಗ ಪ್ರತಿಸಲವೂ ಫಲಿಸುತ್ತಿರಲಿಲ್ಲ. ಅನಿಲದೊಳಗೆ ಸೇರಿಕೊಂಡ ಅತ್ಯಲ್ಪ ಆಮ್ಲಜನಕವೇ ಕ್ರಿಯೆಗೆ ಚಾಲನೆ ಕೊಡುತ್ತದೆಂದು 1935ರಲ್ಲಿ ಮೈಕೆಲ್ ಪೆರಿನ್ ಅವರ ಕೆಲಸದಿಂದ ಸ್ಪಷ್ಟವಾಯಿತು. 1939ರಲ್ಲಿ ಕೈಗಾರಿಕಾ ಉತ್ಪಾದನೆ ಶುರುವಾಗಿ, ಯುದ್ಧಕಾಲದಲ್ಲಿ ಈ ಪಾಲಿಥೀನ್ ರಾಡಾರ್ ತಂತಿಗಳ ಹೊದಿಕೆಯಾಯಿತು. ಇದರ ಸರಪಣಿಗಳಲ್ಲಿ ಕವಲುಗಳು ಹೆಚ್ಚು. ಸರಪಣಿಗಳು ಒತ್ತಾಗಿ ಜೋಡಣೆಗೊಳ್ಳಲಾರದ್ದರಿಂದ ವಸ್ತು ಮೆದು.

ಕಡಿಮೆ ಒತ್ತಡದ ಮಾರ್ಗ

1951ರಲ್ಲಿ ಅಮೆರಿಕದ ಫಿಲಿಪ್ಸ್ ಕಂಪನಿಯ ಹೋಗನ್ ಮತ್ತು ಬ್ಯಾಂಕ್ಸ್ ಕ್ರೋಮಿಯಂ ಆಕ್ಸೈಡ್ ವೇಗವರ್ಧಕವನ್ನು ಕಂಡುಹಿಡಿದರು. 1953ರಲ್ಲಿ ಜರ್ಮನಿಯ ಮ್ಯುಲ್‌ಹೈಮ್‌ನಲ್ಲಿ ಕಾರ್ಲ್ ಸೀಗ್ಲರ್ ತಂಡವು ಟೈಟೇನಿಯಂ ಟೆಟ್ರಾಕ್ಲೋರೈಡ್ ಮತ್ತು ಅಲ್ಯುಮಿನಿಯಂ ಸಂಯುಕ್ತವನ್ನು ಬೆರೆಸಿ, ಸಾಧಾರಣ ಒತ್ತಡದಲ್ಲೇ ಕವಲಿಲ್ಲದ ನೇರ ಸರಪಣಿಗಳನ್ನು ಪಡೆಯಿತು. ಸೀಗ್ಲರ್ 1963ರ ನೊಬೆಲ್ ಬಹುಮಾನವನ್ನು ಜೂಲಿಯೊ ನಟ್ಟಾ ಜೊತೆ ಹಂಚಿಕೊಂಡರು. ಈ ವಿಧಾನದಲ್ಲಿ ಹೈಡ್ರೋಜನ್ ಸೇರಿಸಿದರೆ ಸರಪಣಿ ಬೇಗ ಮುಗಿಯುತ್ತದೆ. ಅದನ್ನು ದೂರವಿಟ್ಟು ಉಷ್ಣತೆ ತಗ್ಗಿಸಿದರೆ ಉದ್ದ ಬೆಳೆಯುತ್ತದೆ. 1950ರ ದಶಕದಲ್ಲಿ ರೂರ್‌ಕೆಮೀ ಸಂಸ್ಥೆ ಅತ್ಯುನ್ನತ ಅಣುತೂಕದ ಪುಡಿಯನ್ನು ಮಾರುಕಟ್ಟೆಗೆ ತಂದಿತು. 1962ರಲ್ಲಿ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಅದನ್ನು ಕೃತಕ ಸೊಂಟದ ಕೀಲಿನಲ್ಲಿ ಬಳಸಿದರು. ಅವರು ಮೊದಲು ಬಳಸಿದ್ದ ಟೆಫ್ಲಾನ್ ಬೇಗ ಸವೆದಿತ್ತು; ಇದು ಸವೆತವನ್ನು ತಡೆಯಿತು.

ಗುಣ ನಿರ್ಧಾರ

ಅತಿ ಉದ್ದದ ಸರಪಣಿಗಳು ಶಾವಿಗೆಯಂತೆ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಹೀಗಾಗಿ ಕರಗಿದರೂ ವಸ್ತು ಹರಿಯುವುದಿಲ್ಲ. ಪುಡಿಯನ್ನು ಬಿಸಿಮಾಡಿ ಅಚ್ಚಿನಲ್ಲಿ ಒತ್ತಬೇಕು. ಮಾಮೂಲಿ ಪ್ಲಾಸ್ಟಿಕ್‌ಗಳಿಗೆ ಮಾಡುವ ಹರಿವಿನ ಪರೀಕ್ಷೆ ಇಲ್ಲಿ ನಡೆಯದು. ಆದ್ದರಿಂದ ಪುಡಿಯನ್ನು 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೆಕಾಲಿನ್ ದ್ರಾವಕದಲ್ಲಿ ತೆಳುವಾಗಿ ಕರಗಿಸಿ, ಸಣ್ಣ ನಳಿಕೆಯಲ್ಲಿ ಇಳಿಯುವ ಸಮಯದಿಂದ ಸ್ನಿಗ್ಧತೆಯನ್ನು ಲೆಕ್ಕಹಾಕುತ್ತಾರೆ. ಅದರಿಂದ ಅಣುತೂಕ ತಿಳಿಯುತ್ತದೆ. ಅಣುತೂಕ 30 ಲಕ್ಷವಿದ್ದರೆ ಒಂದೊಂದು ಸರಪಣಿಯಲ್ಲೂ ಸರಾಸರಿ ಲಕ್ಷಕ್ಕೂ ಹೆಚ್ಚು ಎಥಿಲೀನ್ ಘಟಕಗಳು. ಸಾಂದ್ರತೆ ಮತ್ತು ಕರಗುವ ಉಷ್ಣತೆ ಸ್ಫಟಿಕ ಭಾಗ ಎಷ್ಟೆಂದು ತಿಳಿಸುತ್ತವೆ. 1957ರಲ್ಲಿ ಬ್ರಿಸ್ಟಲ್‌ನ ಆಂಡ್ರ್ಯೂ ಕೆಲ್ಲರ್, ಈ ಸ್ಫಟಿಕಗಳಲ್ಲಿ ಸರಪಣಿ ಮಡಿಕೆ ಮಡಿಕೆಯಾಗಿ ಕೂತಿರುತ್ತದೆಂದು ತೋರಿಸಿದರು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಪಾಲಿಥೀನ್ ತಯಾರಿಕೆ 1959ರಲ್ಲಿ ಪಶ್ಚಿಮ ಬಂಗಾಳದ ರಿಷ್ರಾದಲ್ಲಿ ಮೊದಲಾಯಿತು. ಹೆಚ್ಚು ಸಾಂದ್ರತೆಯ ಬಗೆ 1968ರಲ್ಲಿ ಮಹಾರಾಷ್ಟ್ರದ ಠಾಣೆಯಲ್ಲಿ ಬಂತು. ಮಂಗಳೂರಿನ ತೈಲ ಸಂಸ್ಕರಣಾ ಸಂಸ್ಥೆ ಎಂಆರ್‌ಪಿಎಲ್ 2015ರಿಂದ ಸೋದರ ಪಾಲಿಮರ್ ಆದ ಪಾಲಿಪ್ರೊಪಿಲೀನನ್ನು ತಯಾರಿಸುತ್ತಿದೆ. ಪ್ಲಾಸ್ಟಿಕ್ ತರಬೇತಿ, ಪರೀಕ್ಷೆಗಳಿಗೆ ಮೈಸೂರಿನಲ್ಲಿ ಸಿಪೆಟ್ ಕೇಂದ್ರವಿದೆ. 2014ರ ಕೃಷಿ ಭಾಗ್ಯ ಯೋಜನೆ ಹೊಂಡದ ಹಾಸನ್ನು ಮಳೆಯಾಶ್ರಿತ ರೈತರಿಗೆ ಒದಗಿಸಿತು. ತೆಳು ಚೀಲಗಳ ಕಸ ಮಿತಿಮೀರಿದ್ದರಿಂದ 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು.

ಬಿಸಿಲು ಮತ್ತು ಆಮ್ಲಜನಕ ಸರಪಣಿಯನ್ನು ತುಂಡರಿಸುತ್ತವೆ. ಅಣುತೂಕ ಕುಸಿದ ಹಾಸು ಪೆಡಸಾಗಿ ಬಿರಿಯುತ್ತದೆ. ಕೊಳವೆಗಳಲ್ಲಿ ಶೇ. 2ರಿಂದ 3ರಷ್ಟು ಇಂಗಾಲದ ಕಪ್ಪನ್ನು ಬೆರೆಸುವುದು ಇದನ್ನು ತಡೆಯಲೆಂದೇ. ನೀರಿನ ಕೊಳವೆಗೆ ಐಎಸ್ 4984, ನೀರು ತಡೆಯುವ ನೇಯ್ದ ಹಾಸುಗಳಿಗೆ ಐಎಸ್ 15351 ಮಾನಕಗಳಿವೆ. ಹೊಂಡಕ್ಕೆ ದುಡಿಮೆಯ ಹಣ ಹಾಕುವ ರೈತ ಈ ಗುರುತು ನೋಡಿ ಕೊಳ್ಳುವುದು ಅಗತ್ಯ.