ಗಂಡಿಪೇಟೆ ಕೆರೆ: ವರದಿ ಬರೆದವರು ಒಬ್ಬರು, ಊರು ಕಟ್ಟಿದವರು ಹಲವರು

ನಾನು ಹೈದರಾಬಾದಿನಲ್ಲಿದ್ದೀನಿ. ಇಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಒಂದು ಮಾತು ಬಂದೇ ಬರುತ್ತೆ: "ಗಂಡಿಪೇಟೆ ಕೆರೆ ನಮ್ಮ ವಿಶ್ವೇಶ್ವರಯ್ಯನವರು ಕಟ್ಟಿಸಿದ್ದು ಗೊತ್ತಾ?" ಹೆಮ್ಮೆಯ ಮಾತೇ. ಆದರೆ ಅದರಲ್ಲಿ ಅರ್ಧ ಕಥೆ ಮಾತ್ರ ಇದೆ. ಉಳಿದರ್ಧ ನಮ್ಮೆಲ್ಲರ ಊರುಗಳಿಗೂ ಬೇಕಾದ್ದು.

1908ರ ಸೆಪ್ಟೆಂಬರ್ 28. ಮೂಸಿ ನದಿ ಉಕ್ಕಿ ಹೈದರಾಬಾದಿಗೆ ನುಗ್ಗಿತು. ಸತ್ತವರು ಸುಮಾರು ಹದಿನೈದು ಸಾವಿರ ಅಂತ ಅಂದಾಜು. ಆಗ ನಿಜಾಮರ ಸರ್ಕಾರ, ಮುಂಬೈ ಪ್ರಾಂತ್ಯದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. 1909ರ ಏಪ್ರಿಲ್‌ನಲ್ಲಿ ಅವರು ಬಂದರು. ಒಪ್ಪಿಸಿದ ಕೆಲಸ ಮೂರು: ಊರನ್ನು ಮತ್ತೆ ಕಟ್ಟೋಕೆ ಸಲಹೆ, ಪ್ರವಾಹದಿಂದ ರಕ್ಷಣೆ, ಪೂರ್ತಿ ಒಳಚರಂಡಿ ಯೋಜನೆ.

ಅವರು ಮೊದಲು ಹಿಡಿದಿದ್ದು ಲೆಕ್ಕ. ಸ್ಥಳೀಯ ಮಳೆ ದಾಖಲೆ ಸಾಲದು ಅಂತ ಅಕ್ಕಪಕ್ಕದ ಪ್ರಾಂತ್ಯಗಳಿಂದಲೂ ಅಂಕಿಅಂಶ ತರಿಸಿದರು. ಊರಿನ ಮೇಲ್ಭಾಗದ ಜಲಾನಯನದಲ್ಲಿ 788 ಕೆರೆಗಳಿದ್ದವು. ಅದರಲ್ಲಿ 221 ಒಡೆದುಹೋಗಿದ್ದವು. ಅಂದ್ರೆ ಆಕಾಶದಿಂದ ಬಿದ್ದ ನೀರಿನ ಜೊತೆಗೆ ಕಟ್ಟೆ ಒಡೆದ ಕೆರೆಗಳ ನೀರೂ ಸೇರಿ ಊರನ್ನು ಹೊಡೆದಿತ್ತು. ಪರಿಹಾರವಾಗಿ ಊರಿಗಿಂತ ಮೇಲೆ, ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು, ಎರಡು ಜಲಾಶಯ ಕಟ್ಟಿ ಅಂದರು. ಆ ವರ್ಷದ ನವೆಂಬರ್‌ಗೆ ಅವರು ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ಹೊರಟೂ ಹೋದರು.

ಈಗ ವರ್ಷಗಳನ್ನು ಗಮನಿಸಿ. ಉಸ್ಮಾನ್ ಸಾಗರ, ಅಂದರೆ ನಮ್ಮ ಗಂಡಿಪೇಟೆ, ಮುಗಿದಿದ್ದು 1920ರಲ್ಲಿ. ಹಿಮಾಯತ್ ಸಾಗರ ಮುಗಿದಿದ್ದು 1927ರಲ್ಲಿ. ವರದಿ ಕೊಟ್ಟ ಮೇಲೆ ಹನ್ನೊಂದು, ಹದಿನೆಂಟು ವರ್ಷ! ನಮ್ಮ ಭಾಷೇಲಿ ಹೇಳೋದಾದ್ರೆ, ಕನ್ಸಲ್ಟೆಂಟ್ ಬಂದು ಡಿಸೈನ್ ಕೊಟ್ಟು ಹೋಗಿ ಎಷ್ಟೋ ಕಾಲವಾದ ಮೇಲೂ ಆ ಕೆಲಸ ನಿಂತಿರಲಿಲ್ಲ. ಯಾಕೆ ನಿಲ್ಲಲಿಲ್ಲ? ಹಿಡಿದು ಕೂತವರಿದ್ದರು, ಅದಕ್ಕೆ. ಸರ್ಕಾರದ ಇಂಜಿನಿಯರ್‌ಗಳು ಜಲಾಶಯ ಕಟ್ಟಿದರು. ಊರೊಳಗಿನ ಕೆಲಸಕ್ಕೆ ಅಂತಲೇ 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ರಸ್ತೆ ಅಗಲ ಮಾಡೋದು, ಇಕ್ಕಟ್ಟಿನ ಬಸ್ತಿ ತೆಗೆದು ಹೊಸ ಮನೆ ಕಟ್ಟೋದು, ನದಿ ದಂಡೆ, ಪತ್ತರ್‌ಗಟ್ಟಿ ಬೀದಿ, 1930ರ ದಶಕದ ಮೊಜಂಜಾಹಿ ಮಾರುಕಟ್ಟೆ, ಇವೆಲ್ಲಾ ಆ ಮಂಡಳಿಯ ಕೆಲಸ. ಒಳಚರಂಡಿ ಮಾತ್ರ ಹಿಂದೆ ಬಿತ್ತು. 1920ರ ದಶಕದಲ್ಲಿ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆಸಬೇಕಾಯಿತು.

ಹಾಗಂತ ಅದನ್ನು ಸ್ವರ್ಣಯುಗ ಅನ್ನೋಕೆ ಆಗಲ್ಲ. ಮಂಡಳಿ ಜನ ಆರಿಸಿದ್ದಲ್ಲ. ಮನೆ ಕಳಕೊಂಡವರು ಪ್ರಶ್ನೆ ಕೇಳಿ ಓಟಿನಲ್ಲಿ ಉತ್ತರ ಕೊಡೋ ವ್ಯವಸ್ಥೆ ಆಗ ಇರಲಿಲ್ಲ. ಪರಿಣತಿ ಇತ್ತು, ಹಣ ಇತ್ತು, ಸಮಯ ಇತ್ತು. ಜನರ ಹಿಡಿತ ಇರಲಿಲ್ಲ.

ಆ ಕೊರತೆ ತುಂಬೋಕೆ ನಮ್ಮ ಹತ್ತಿರ ಕಾನೂನು ಬಂತು. 1992ರ 74ನೇ ಸಂವಿಧಾನ ತಿದ್ದುಪಡಿ ನಗರಸಭೆಗಳಿಗೆ ಕೊಡಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿತು. ಮೊದಲನೇದೇ ನಗರ ಯೋಜನೆ. ಆದರೆ ಕೊಡೋದು ಬಿಡೋದು ರಾಜ್ಯದ ಕೈಲಿ ಉಳಿಯಿತು. ಹೈದರಾಬಾದನ್ನೇ ನೋಡಿ: 2007ರಲ್ಲಿ 12 ಪುರಸಭೆ ಮತ್ತು 8 ಗ್ರಾಮ ಪಂಚಾಯಿತಿ ಸೇರಿಸಿ ಮಹಾನಗರ ಪಾಲಿಕೆ ಮಾಡಿದರು. ಮರುವರ್ಷವೇ ಯೋಜನೆಗೆ ಬೇರೆ ಪ್ರಾಧಿಕಾರ ಬಂತು, ಅದಕ್ಕೆ ಅಧ್ಯಕ್ಷರು ಮುಖ್ಯಮಂತ್ರಿ. ನೀರು, ಒಳಚರಂಡಿಗೆ ಮತ್ತೊಂದು ಮಂಡಳಿ. ನಕ್ಷೆ ಒಬ್ಬರ ಹತ್ತಿರ, ಪೈಪು ಇನ್ನೊಬ್ಬರ ಹತ್ತಿರ. ಮನೆಗೆ ನೀರು ನುಗ್ಗಿದಾಗ ಬೈಸಿಕೊಳ್ಳೋದು ಮಾತ್ರ ನಮ್ಮ ವಾರ್ಡಿನ ಕಾರ್ಪೊರೇಟರ್.

ಇದರ ಬೆಲೆ 2020ರ ಅಕ್ಟೋಬರ್‌ನಲ್ಲಿ ಕಂಡಿತು. ಭಾರಿ ಮಳೆ ಬಂತು. ಹಳೇ ನಗರದ ಕಡೆ ಪಲ್ಲೆ ಚೆರುವು, ಗುರ್ರಂ ಚೆರುವು ಒಡೆದು ಬಡಾವಣೆಗಳಿಗೆ ನುಗ್ಗಿದವು. ಚೆರುವು ಅಂದ್ರೆ ತೆಲುಗಿನಲ್ಲಿ ಕೆರೆ. 1909ರಲ್ಲಿ ವಿಶ್ವೇಶ್ವರಯ್ಯನವರು ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ ಅಲ್ವಾ? ನಡುವೆ 2000ದ ಪ್ರವಾಹದ ನಂತರವೂ ಮಳೆನೀರಿನ ಕಾಲುವೆಗಳ ಬಗ್ಗೆ ಸಲಹೆಗಾರರ ವರದಿ ಬಂದಿತ್ತು. ಬುದ್ಧಿ ಹೇಳೋರಿಗೆ ಬರ ಇರಲಿಲ್ಲ. ಕೆರೆ, ಕಾಲುವೆ, ಕಟ್ಟಡದ ಪರವಾನಗಿ ಮೂರನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡು ಇಪ್ಪತ್ತು ವರ್ಷ ಕೂರೋ ಕಚೇರಿ ಇರಲಿಲ್ಲ.

ಇದು ಹೈದರಾಬಾದಿನ ಕಥೆ ಮಾತ್ರ ಅಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಮುಂಬೈ, ಪುಣೆಯದು 2022ರ ಮಾರ್ಚ್‌ನಲ್ಲಿ. ಆಮೇಲೆ ಮೂರೂ ಊರು ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲೇ ನಡೆದವು.

ಸರ್ಕಾರಗಳನ್ನು ಬೈಯೋದು ಸುಲಭ. ನಮ್ಮ ಪಾಲಿನ ಲೆಕ್ಕವೂ ನೋಡೋಣ. 2020ರ ಆ ಪ್ರವಾಹ ಕಳೆದು ಎರಡು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 1ಕ್ಕೆ ಹೈದರಾಬಾದ್ ಪಾಲಿಕೆ ಚುನಾವಣೆ ನಡೆಯಿತು. ಓಟು ಹಾಕಿದವರು ಅರ್ಧಕ್ಕಿಂತ ಕಡಿಮೆ. ನಮ್ಮಲ್ಲಿ ಎಷ್ಟೋ ಜನರ ಓಟು ಇನ್ನೂ ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಇದೆ. ತೆರಿಗೆ ಕಟ್ಟೋದು, ಮಳೆಗಾಲ ಕಳೆಯೋದು ಮಾತ್ರ ಇಲ್ಲಿ. ವಿಶ್ವೇಶ್ವರಯ್ಯನವರ ಹೆಸರು ಹೇಳೋ ಹಕ್ಕು ನಮಗಿದೆ ಅಂತಾದ್ರೆ, ಇರೋ ಊರಿನಲ್ಲಿ ಹೆಸರು ನೋಂದಾಯಿಸಿಕೊಂಡು, "ನಮ್ಮ ವಾರ್ಡಿನ ಕೆರೆ ನಕ್ಷೆ ಯಾರ ಹತ್ತಿರ ಇದೆ?" ಅಂತ ಒಂದು ಸಲ ಕೇಳೋ ಕೆಲಸವೂ ನಮ್ಮದೇ.