ಬ್ರಹ್ಮ ಕೋಳಿ: ಬೋಸ್ಟನ್‌ನಿಂದ ಬೆಂಗಳೂರಿನವರೆಗೆ

2017ರ ಮಾರ್ಚಿನಲ್ಲಿ ಕೊಸೊವೊದ ದೈತ್ಯ ಹುಂಜವೊಂದು ಗೂಡಿನಿಂದ ಹೊರಬರುವ ವಿಡಿಯೋ ಜಗತ್ತಿನ ತುಂಬ ಹರಿದಾಡಿತು. ಅಲ್ಲಿಂದೀಚೆಗೆ ನಮ್ಮಲ್ಲೂ ಬ್ರಹ್ಮ ಕೋಳಿಗೆ ಗಿರಾಕಿ ಹೆಚ್ಚಿದರು. ಜೊತೆಗೆ ಎರಡು ತಪ್ಪು ತಿಳಿವಳಿಕೆಗಳೂ ಬೇರುಬಿಟ್ಟವು. ಇದು ಭಾರತದ ಪುರಾತನ ತಳಿ ಎಂಬುದು ಒಂದು, ಎತ್ತರ ಮತ್ತು ತೂಕವೇ ಇದರ ಸರ್ವಸ್ವ ಎಂಬುದು ಇನ್ನೊಂದು. ಮೊದಲನೆಯದರಿಂದ ಯಾರಿಗೂ ನಷ್ಟವಿಲ್ಲ. ಎರಡನೆಯದು ತಳಿಯನ್ನೇ ಕೆಡಿಸುತ್ತಿದೆ.

ಮೂಲದ ಜಗಳ ಹಳೆಯದು. 1846ರಲ್ಲಿ ನ್ಯೂಯಾರ್ಕ್‌ಗೆ ಬಂದ ಹಡಗಿನಲ್ಲಿ ಬ್ರಹ್ಮಪುತ್ರಾ ನದಿಯ ಸೀಮೆಯ ಹಕ್ಕಿಗಳಿದ್ದವು ಎಂದು ಅಮೆರಿಕದ ಸಾಕಣೆದಾರ ವರ್ಜಿಲ್ ಕಾರ್ನಿಷ್ ಬರೆದ. ಇವು ಚೀನಾದ ಶಾಂಘೈನವು ಎಂದು ಇಂಗ್ಲೆಂಡಿನ ಕೋಳಿ ತಜ್ಞ ಟೆಗೆಟ್‌ಮಯರ್ ವಾದಿಸಿದ. 1870ರಲ್ಲಿ ಈ ಒಂದೇ ತಳಿಯ ಮೇಲೆ ಪುಸ್ತಕ ಬರೆದ ಲೂಯಿಸ್ ರೈಟ್ ಭಾರತದ ಪಕ್ಷ ಹಿಡಿದ. ಹಕ್ಕಿಯನ್ನೇ ನೋಡಿದರೆ ಎರಡೂ ಕಡೆಯ ಗುರುತು ಸಿಗುತ್ತದೆ. ದಪ್ಪ ಮೈ, ಪುಕ್ಕದ ಕಾಲು ಶಾಂಘೈ ಕಡೆಯವು. ಗಿಡ್ಡನೆಯ ಬಟಾಣಿ ಜುಟ್ಟು, ಮುಂಚಾಚಿದ ಹುಬ್ಬು ಆಗ ಭಾರತದಲ್ಲಿದ್ದ ಚಿತ್ತಗಾಂಗ್ ಕಡೆಯವು. ಇವನ್ನು ಕೂಡಿಸಿ ತಳಿಯಾಗಿ ನಿಲ್ಲಿಸಿದ್ದು ಮಾತ್ರ ಅಮೆರಿಕದವರು.

1849ರ ಬೋಸ್ಟನ್ ಕೋಳಿ ಪ್ರದರ್ಶನದ ನಂತರ ಎದ್ದ ಕೋಳಿ ಹುಚ್ಚು, 1852ರಲ್ಲಿ ಕೋಳಿ ವ್ಯಾಪಾರಿ ಜಾರ್ಜ್ ಬರ್ನಮ್ ವಿಕ್ಟೋರಿಯಾ ರಾಣಿಗೆ ಒಂಬತ್ತು ಹಕ್ಕಿಗಳನ್ನು ಕಾಣಿಕೆ ಕಳಿಸಿದ್ದು, ಕೆಲವೇ ವರ್ಷಗಳಲ್ಲಿ ಬೆಲೆ ನೆಲಕಚ್ಚಿದ್ದು, ಇವೆಲ್ಲ ಮಾರಾಟದ ಚರಿತ್ರೆ. 1874ರ ಅಮೆರಿಕನ್ ಮಾನದಂಡ ಗ್ರಂಥದಲ್ಲಿ ಲೈಟ್ ಮತ್ತು ಡಾರ್ಕ್ ಬಣ್ಣಗಳಿಗೆ ಸ್ಥಾನ ಸಿಕ್ಕಿತು, ಬಫ್ ಬಣ್ಣಕ್ಕೆ 1924ರಲ್ಲಿ.

ತಳಿ ಸಾಕಣೆಯ ನಿಜವಾದ ಚರಿತ್ರೆ ಶುರುವಾಗುವುದು ಮ್ಯಾಸಚೂಸೆಟ್ಸ್‌ನ ಐಸಾಕ್ ಫೆಲ್ಚ್‌ನಿಂದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆತ ಲೈಟ್ ಬ್ರಹ್ಮಗಳನ್ನು ವಂಶಾವಳಿ ಇಟ್ಟು ಬೆಳೆಸಿದ. ಅವನ ಹೆಸರಿನ ನಕ್ಷೆ ಇಂದಿಗೂ ಬಳಕೆಯಲ್ಲಿದೆ. ಒಂದು ಹುಂಜ, ಒಂದು ಹೇಂಟೆಯಿಂದ ಹೊರಡುವುದು. ಹುಟ್ಟಿದ ಹೆಣ್ಣುಗಳನ್ನು ತಂದೆಗೆ, ಗಂಡನ್ನು ತಾಯಿಗೆ ಕೂಡಿಸುವುದು. ಆಗ ಒಂದು ಕವಲಿನಲ್ಲಿ ತಂದೆಯ ರಕ್ತ ಮುಕ್ಕಾಲು ಪಾಲು, ಇನ್ನೊಂದರಲ್ಲಿ ತಾಯಿಯದು ಮುಕ್ಕಾಲು ಪಾಲು. ಮುಂದೆ ಕವಲುಗಳನ್ನು ಲೆಕ್ಕವಿಟ್ಟು ಮತ್ತೆ ಬೆಸೆದರೆ ಹೊರಗಿನ ರಕ್ತ ತರದೆಯೇ ಬಹುಕಾಲ ನಡೆಸಬಹುದು. ದುರ್ಬಲವಾದದ್ದನ್ನು ಮುಲಾಜಿಲ್ಲದೆ ತೆಗೆದುಹಾಕುವ ಎದೆಗಾರಿಕೆ ಇಲ್ಲದಿದ್ದರೆ ಈ ವಿಧಾನ ಮುಳುವಾಗುತ್ತದೆ ನಿಜ. ಆದರೂ ಇದಕ್ಕಿಂತ ಪ್ರಾಮಾಣಿಕವಾದ ದಾರಿಯನ್ನು ನಾನು ಕಂಡಿಲ್ಲ. ಏಕೆಂದರೆ ಇದು ನಿಂತಿರುವುದೇ ದಾಖಲೆಯ ಮೇಲೆ.

ಆ ಕಾಲದ ಬ್ರಹ್ಮ ದುಡಿಯುವ ಕೋಳಿಯಾಗಿತ್ತು. ಹಿಮ ಬೀಳುವ ತಿಂಗಳುಗಳಲ್ಲೂ ಮೊಟ್ಟೆ ಇಡುತ್ತಿತ್ತು, ಹುಂಜಗಳು ಮಾಂಸಕ್ಕಾಗುತ್ತಿದ್ದವು. ಇಂಗ್ಲೆಂಡಿನ ಪ್ರದರ್ಶನ ಪಂಥ ಇದನ್ನು ಬೇರೆ ದಾರಿಗೆ ಎಳೆಯಿತು. ಪುಕ್ಕದ ಮೋಹದಲ್ಲಿ ಕಾಲಿನ ಗೆಣ್ಣಿನ ಹಿಂದಕ್ಕೆ ರಣಹದ್ದಿನಂತೆ ಗರಿ ಚಾಚಿದ ಹಕ್ಕಿಗಳಿಗೆ ಬಹುಮಾನ ಸಿಕ್ಕಿತು, ಮೊಟ್ಟೆಯ ಕಡೆ ಗಮನ ತಪ್ಪಿತು. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮಾಂಸದ ಕೋಳಿಗಾಗಿ ನಡೆದ ‘ನಾಳಿನ ಕೋಳಿ’ ಸ್ಪರ್ಧೆಗಳ ನಂತರ ಬ್ರಾಯ್ಲರ್ ಉದ್ಯಮ ಬೆಳೆದು, ಬ್ರಹ್ಮ ಹವ್ಯಾಸಿಗಳ ಹಿತ್ತಲಿಗೆ ಸರಿಯಿತು.

ವಿಜ್ಞಾನ ಈ ತಳಿಗೆ ಸಂಬಂಧಿಸಿ ಕೊಟ್ಟ ಅತಿ ಬೆಲೆಬಾಳುವ ತಿಳಿವು ಜುಟ್ಟಿನದು. 1902ರಲ್ಲಿ ವಿಲಿಯಂ ಬೇಟ್ಸನ್, ಮೆಂಡಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು ತೋರಿಸಿದ್ದು ಕೋಳಿಯ ಜುಟ್ಟುಗಳ ಮೂಲಕ. ಸಾದಾ ಜುಟ್ಟಿನೆದುರು ಬಟಾಣಿ ಜುಟ್ಟು ಪ್ರಬಲ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಇದರ ಕಾರಣ ಸಾಕ್ಸ್5 ಎಂಬ ವಂಶವಾಹಿಯಲ್ಲಿದೆ ಎಂದು ಕಂಡುಹಿಡಿದರು. ಜುಟ್ಟು ಗಿಡ್ಡವಾದರೆ ಮೈಶಾಖ ಕಡಿಮೆ ಸೋರುತ್ತದೆ. ಮ್ಯಾಸಚೂಸೆಟ್ಸ್‌ನ ಚಳಿಯಲ್ಲಿ ವರವಾದ ಈ ಗುಣವೇ ರಾಯಚೂರು, ಬಳ್ಳಾರಿಯ ಏಪ್ರಿಲ್‌ನಲ್ಲಿ ಶಾಪ.

ನಮ್ಮ ತಲೆಮಾರಿನ ಸಾಕಣೆದಾರರು ಕಲಿತದ್ದೆಲ್ಲ ಈ ಶಾಪದ ವಿರುದ್ಧವೇ. ಗಾಳಿಯಾಡುವ ಜಾಲರಿ ಶೆಡ್ಡು, ಸೂರಿನ ಮೇಲೆ ಸೋಗೆ, ಬೆಳಗಿನ ಜಾವ ಮತ್ತು ಸಂಜೆ ಮಾತ್ರ ಮೇವು, ಮಧ್ಯಾಹ್ನ ತಣ್ಣೀರು. ಮಲೆನಾಡಿನಲ್ಲಿ ತೊಂದರೆ ಬೇರೆ. ಮಳೆಗಾಲದ ಕೆಸರು ಕಾಲಿನ ಪುಕ್ಕಕ್ಕೆ ಮೆತ್ತಿ ಬೆರಳು ಕೊಳೆಯುತ್ತದೆ. ಕಾಲಿನ ಚಿಪ್ಪಿನಡಿ ಹೊಕ್ಕ ನುಸಿ ಪುಕ್ಕದ ಮರೆಯಲ್ಲಿ ಕಾಣುವುದೇ ಇಲ್ಲ. ಭತ್ತದ ಹೊಟ್ಟನ್ನು ಒಣಗಿದ್ದೇ ಹಾಸಬೇಕು, ಒದ್ದೆಯಾದರೆ ಅಂದೇ ತೆಗೆಯಬೇಕು. ಕೂರುವ ಅಡ್ಡಪಟ್ಟಿ ಒಂದಡಿಗಿಂತ ಎತ್ತರವಿದ್ದರೆ ಇಳಿಯುವಾಗ ಅಂಗಾಲು ಒಡೆದು ಬಾವು ಕಟ್ಟುತ್ತದೆ. ಮೊಟ್ಟೆಗಳಲ್ಲಿ ಮರಿಗಟ್ಟದಿದ್ದರೆ ಜೋಡಿಯ ಹಿಂಬದಿಯ ಪುಕ್ಕ ಕತ್ತರಿಸಿ ನೋಡಬೇಕು. ಕಾವಿಗೆ ಕೂತ ಬ್ರಹ್ಮ ಹೇಂಟೆ ತನ್ನ ಭಾರಕ್ಕೇ ಮೊಟ್ಟೆ ಒಡೆಯುವುದರಿಂದ ಅನುಭವಿಗಳು ನಾಟಿ ಹೇಂಟೆಯನ್ನು ನಂಬುತ್ತಾರೆ. ಕೊಕ್ಕರೆ ರೋಗದ ಲಸಿಕೆಯನ್ನು ಮರಿಯ ಮೊದಲ ವಾರದಲ್ಲೇ ಹಾಕಿಸಬೇಕು, ವಿದೇಶಿ ತಳಿಗೆಂದು ರಿಯಾಯಿತಿ ಇಲ್ಲ. ಇವೆಲ್ಲ ಬಾಯಿಂದ ಬಾಯಿಗೆ ದಾಟಿದ ಅನುಭವ. ಇವನ್ನು ಕಲೆಹಾಕಿದವರಿಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಆದರೆ ಇದೆಲ್ಲ ಸಾಕಣೆಯ ಮಾತಾಯಿತು. ತಳಿ ಸಂವರ್ಧನೆಯಲ್ಲಿ ನಾವು ಫೆಲ್ಚ್‌ಗಿಂತ ಹಿಂದೆಯೇ ಇದ್ದೇವೆ. ಬಟಾಣಿ ಜುಟ್ಟು ಪ್ರಬಲ, ಕಾಲಿನ ಪುಕ್ಕವೂ ಮೊದಲ ಮಿಶ್ರಣದಲ್ಲಿ ಅಷ್ಟಿಷ್ಟು ಕಾಣಿಸಿಕೊಳ್ಳುತ್ತದೆ. ಹಾಗಾಗಿ ದಪ್ಪ ಮೈಯ, ಸಾದಾ ಜುಟ್ಟಿನ ಇನ್ನಾವುದೋ ಕೋಳಿಗೆ ಬ್ರಹ್ಮ ಹುಂಜ ಬಿಟ್ಟರೆ ಹುಟ್ಟುವ ಮರಿ ಸಂತೆಯಲ್ಲಿ ಬ್ರಹ್ಮವೆಂದೇ ಮಾರಾಟವಾಗುತ್ತದೆ. ಅಂಥ ಎರಡನ್ನು ಕೂಡಿಸಿದರೆ ಮರಿಗಳಲ್ಲಿ ಸುಮಾರು ಕಾಲು ಪಾಲಿಗೆ ಸಾದಾ ಜುಟ್ಟು ಮೂಡುತ್ತದೆ. ಆ ಹೊತ್ತಿಗೆ ಕೊಂಡವನ ಒಂದೆರಡು ವರ್ಷ ಕಳೆದಿರುತ್ತದೆ. ಕಣ್ಣಿಗೆ ಸಿಗದ ಈ ಬೆರಕೆಯನ್ನು ತೋರಿಸಬಲ್ಲದ್ದು ವಂಶಾವಳಿ ಮಾತ್ರ. ಲೈಟ್ ಬ್ರಹ್ಮದ ಬೆಳೆದ ಹುಂಜಕ್ಕೆ ಅಮೆರಿಕದ ಮಾನದಂಡ ಹೇಳುವ ತೂಕ ಸುಮಾರು 5.4 ಕಿಲೋ, ಹೇಂಟೆಗೆ 4.3 ಕಿಲೋ. ಈ ತಳಿಯ ಮೈ ತುಂಬುವುದೇ ನಿಧಾನ, ಒಂದೂವರೆ ವರ್ಷವಾದರೂ ಬೇಕು. ನಾಲ್ಕು ತಿಂಗಳ ಮರಿಯ ಎತ್ತರ ನೋಡಿ ತಳಿಗೆ ಆರಿಸುವವರು ಉದ್ದ ಕಾಲನ್ನು ಆರಿಸುತ್ತಾರೆ, ಬ್ರಹ್ಮವನ್ನಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿಯ ಬಗ್ಗೆ ತೂಕ, ಮೊಟ್ಟೆಯ ಅಂಕಿಅಂಶ ಕೇಳಿದರೆ ಸಿಗುತ್ತವೆ. ನಮ್ಮ ಬಿಸಿಲಲ್ಲಿ ಬ್ರಹ್ಮ ಎಷ್ಟು ಮೊಟ್ಟೆ ಇಡುತ್ತದೆ, ಯಾವ ಕವಲು ಬೇಸಿಗೆ ತಡೆಯುತ್ತದೆ ಎಂಬುದಕ್ಕೆ ಹಾಗೆ ತೆಗೆದು ತೋರಿಸುವ ಪುಸ್ತಕವಿಲ್ಲ. ಇದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಕಾಲಿಗೆ ನಂಬರಿನ ಉಂಗುರ, ಹೇಂಟೆ ಒಳಹೊಕ್ಕೊಡನೆ ಬಾಗಿಲು ಮುಚ್ಚಿಕೊಳ್ಳುವ ಮೊಟ್ಟೆಗೂಡು, ಒಂದು ತಕ್ಕಡಿ, ಒಂದು ನೋಟ್‌ಬುಕ್ ಸಾಕು. ಮರಿ ಕೊಳ್ಳುವವರು ಮುಂದಿನ ಸಲ ಬಣ್ಣ ಕೇಳುವ ಮೊದಲು ತಂದೆತಾಯಿಯ ಉಂಗುರದ ನಂಬರು, ಒಂದು ವರ್ಷದ ತೂಕ, ತಾಯಿಯ ಮೊಟ್ಟೆಯ ಲೆಕ್ಕ ಕೇಳಿ. ಕೊಡಲಾರದವರಿಂದ ಅಂಗಳದ ಚೆಂದಕ್ಕೆ ಬೇಕಾದರೆ ಕೊಳ್ಳಿ, ತಳಿಗೆ ಕೊಳ್ಳಬೇಡಿ.